ಭೈಷಜ್ಯದಾನದ ನೆಲೆಗಳು

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಜೈನಧರ್ಮವು ಶ್ರಾವಕನಿಗೆ ವಿಧಿಸಿದೆ. ಶ್ರವಣಬೆಳಗೊಳದ ಪರಿಸರದಲ್ಲಿ ಬೆಳೆದವರಿಗೆ ಈ ನಾಲ್ಕು ಹೆಸರುಗಳು ಅಪರಿಚಿತವಲ್ಲ. ಆದರೆ ಈ ಕ್ಷೇತ್ರದ ಶಾಸನಗಳನ್ನು ಓದುವಾಗ ಒಂದು ಸಂಗತಿ ಮನಸ್ಸಿಗೆ ಬಾರದೆ ಇರದು. ಬಿ. ಎಲ್. ರೈಸರು 1889ರಲ್ಲಿ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಸಂಪುಟದಲ್ಲಿ ಅವು 500 ಆದವು. 1973ರ ಆವೃತ್ತಿಯಲ್ಲಿ 573. ಸಲ್ಲೇಖನ, ಬಸದಿಗಳ ನಿರ್ಮಾಣ, ಅಭಿಷೇಕದ ಹಾಲು, ಪೂಜೆಯ ಹೂವು ಇವೇ ಮೊದಲಾದವು ಅಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಮದ್ದಿನ ದಾನಕ್ಕೆ ಅಂಥ ಕಲ್ಲಿನ ಸಾಕ್ಷ್ಯ ವಿರಳ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮದ್ದು ಕುಡಿದು ಎದ್ದು ಮನೆಗೆ ಹೋದ ಬಡವನು ಶಾಸನ ಹಾಕಿಸುವುದಿಲ್ಲ.

ಆ ಕೊರತೆಯನ್ನು ಗ್ರಂಥಗಳು ಒಂದಷ್ಟು ತುಂಬುತ್ತವೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯನು ಸಂಸ್ಕೃತದಲ್ಲಿ ‘ಕಲ್ಯಾಣಕಾರಕ’ವನ್ನು ರಚಿಸಿ, ಮದ್ಯ ಮಾಂಸ ಮಧುಗಳ ನೆರವಿಲ್ಲದೆ ಚಿಕಿತ್ಸೆ ಸಾಧ್ಯವೆಂದು ಪ್ರತಿಪಾದಿಸಿದನು. ಪೂಜ್ಯಪಾದರ ವೈದ್ಯಗ್ರಂಥವನ್ನು ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಕೀರ್ತಿವರ್ಮನ ‘ಗೋವೈದ್ಯ’ವಂತೂ ಮೂಕಪಶುಗಳಿಗೂ ಭೈಷಜ್ಯವನ್ನು ವಿಸ್ತರಿಸಿತು.

ಇನ್ನು ರೋಗಿಗಳಿಗೆಂದೇ ಒಂದು ನೆಲೆಯಿತ್ತೆಂಬುದಕ್ಕೆ ಸ್ಪಷ್ಟವಾದ ದಾಖಲೆ ಬೇಕಾದರೆ ನಾವು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಬೇಕು. ಅಲ್ಲಿಯ ಕೋಡಿಮಠವು ಕಾಳಾಮುಖ ಶೈವರ ಪ್ರಸಿದ್ಧ ಸ್ಥಾನ. ಕೆರೆಯ ಕೋಡಿಯಿಂದಲೇ ಅದಕ್ಕೆ ಆ ಹೆಸರು. ಕಳಚುರ್ಯ ಬಿಜ್ಜಳನ ಕಾಲದ, 1162ರ ಶಾಸನವೊಂದು ಈ ಮಠವನ್ನು ಬಣ್ಣಿಸುತ್ತದೆ. ಬಸವಣ್ಣನವರು ಯಾರ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದರೋ ಅದೇ ಬಿಜ್ಜಳ. ಮಠದ ಆಚಾರ್ಯನು ವಾಮಶಕ್ತಿ. ನಾಲ್ಕು ವೇದಗಳು, ಪಾಣಿನಿ ಶಾಕಟಾಯನಾದಿ ವ್ಯಾಕರಣಗಳು, ಬೌದ್ಧವೂ ಸೇರಿದಂತೆ ದರ್ಶನಗಳು, ಪುರಾಣ, ನಾಟಕಗಳ ವ್ಯಾಖ್ಯಾನಸ್ಥಾನವಿದೆಂದು ಶಾಸನವು ಮೊದಲು ಹೇಳುತ್ತದೆ. ಬಳಿಕ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಜೈನ ಕ್ಷಪಣಕರೂ ಒಳಗೊಂಡಂತೆ ನಾನಾ ಪಂಥದ ಭಿಕ್ಷುಗಳಿಗೆ ಅನ್ನದಾನದ ಸ್ಥಾನ. ನಾನಾ ರೋಗಗಳಿಂದ ನರಳುವ ಅನಾಥ ಜನರ ಚಿಕಿತ್ಸೆಯ ಸ್ಥಾನ. ಸಕಲ ಜೀವಿಗಳಿಗೆ ಅಭಯಸ್ಥಾನ.

ವಾಚಕರು ಇಲ್ಲಿ ತುಸು ನಿಲ್ಲಬೇಕು. ವಿದ್ಯೆ, ಅನ್ನ, ಔಷಧ, ಅಭಯ: ಬೆಳಗೊಳದ ಶ್ರಾವಕನು ಪಠಿಸುವ ನಾಲ್ಕು ದಾನಗಳೇ ಶೈವಮಠದ ಶಾಸನದಲ್ಲಿಯೂ ಇವೆ. ಯಾರು ಯಾರಿಂದ ಕಲಿತರೆಂದು ವಾದಿಸುವುದು ನಿಷ್ಫಲ. ಕ್ಷಪಣಕನಿಗೆ ಕಾಳಾಮುಖರ ಪಂಕ್ತಿಯಲ್ಲಿ ಎಡೆಯಿತ್ತೆಂಬುದೇ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ತೋರುತ್ತದೆ.

ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ತ್ರಿಕೂಟ ದೇವಾಲಯವು ಇಂದಿಗೂ ನಿಂತಿದೆ. ರೋಗಿಗಳು ಮಲಗುತ್ತಿದ್ದ ಮನೆಗಳು ನಿಂತಿಲ್ಲ. ದೇವರಿಗೆ ಕಲ್ಲು, ಮನುಷ್ಯರಿಗೆ ಮಣ್ಣು ಮತ್ತು ಮರ ಎಂಬುದು ಆ ಕಾಲದ ಕಟ್ಟಡಗಳ ರೂಢಿಯಾಗಿತ್ತು. ಶಾಲಾಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಶಿಲ್ಪದ ಮುಂದೆ ನಿಲ್ಲುವಷ್ಟೇ ಹೊತ್ತು ಆ ಶಾಸನದ ವಿಷಯಕ್ಕೂ ಮೀಸಲಿಡಬೇಕು. ಆ ಮನೆಗಳು ಈಗ ಉಳಿದಿರುವುದು ಅದರ ಅಕ್ಷರಗಳಲ್ಲಿ ಮಾತ್ರ.

ಕಟ್ಟಡದ ಹಂಗೇ ಇಲ್ಲದೆ ಔಷಧ ಸಂಚರಿಸಿದ್ದಕ್ಕೂ ನಮ್ಮಲ್ಲಿ ನಿದರ್ಶನವಿದೆ. ಕಾವೇರಿಯ ಕವಲುಗಳ ನಡುವಣ ದ್ವೀಪನಗರ ಶ್ರೀರಂಗಪಟ್ಟಣವು 1799ರಲ್ಲಿ ಪತನವಾದ ಮೇಲೆ ಅಲ್ಲಿಯ ಕ್ರೈಸ್ತರ ಯೋಗಕ್ಷೇಮಕ್ಕಾಗಿ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್, ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯವನ್ನು ಕೈಗೊಂಡನು. 1803-04ರಲ್ಲಿ ಲೆಕ್ಕಕ್ಕೆ ಸಿಕ್ಕವರೇ 25,432 ಜನ. ಆಗ ಶೀತಪೆಟ್ಟಿಗೆಯಿಲ್ಲ, ಗಾಜಿನ ಬುಡ್ಡಿಯಲ್ಲಿ ಲಸಿಕೆ ಬಹುಕಾಲ ಉಳಿಯುತ್ತಿರಲಿಲ್ಲ. ದೇವಿ ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಒಂದು ವಾರಕ್ಕೆ ಎದ್ದ ಗುಳ್ಳೆಯ ರಸವನ್ನು ತೆಗೆದು ಮುಂದಿನ ಮಗುವಿಗೆ ಚುಚ್ಚುತ್ತಿದ್ದರು. ಸರಪಣಿ ಒಂದೆಡೆ ಕಡಿದರೆ ಊರಿಗೆ ಊರೇ ಮದ್ದಿಲ್ಲದಾಗುತ್ತಿತ್ತು. ಆದುದರಿಂದ ಒಬ್ಬ ತಾಯಿ ತನ್ನ ಕೂಸಿನ ತೋಳನ್ನು ಮತ್ತೊಬ್ಬಳ ಕೂಸಿಗಾಗಿ ಒಡ್ಡಲು ಒಪ್ಪಬೇಕಾಗಿತ್ತು.