ನೂಲು ಎರಡು ಕಡೆಯದು

ಪುಟ್ಟಿ, ನಿನ್ನ ಅಮ್ಮ ನಿನ್ನೆ ರಾತ್ರಿ ಫೋನ್ ಮಾಡಿದ್ದಳು. ಸೋದರಮಾವನ ಮಗನಿಗೇ ನಿನ್ನನ್ನು ಕೊಡುವ ಮಾತು ನಡೆದಿದೆಯಂತೆ. ನಿನಗೂ ಮನಸ್ಸಿದೆ, ಅವನಿಗೂ ಇದೆ, ದೊಡ್ಡವರು ಕೂತು ತಾಂಬೂಲ ಬದಲಾಯಿಸುವುದೊಂದೇ ಬಾಕಿ ಅಂದಳು. ಆ ಹುಡುಗ ನನ್ನ ತಮ್ಮನ ಮಗ, ನೀನು ನನ್ನ ತಂಗಿಯ ಮಗಳು. ಇಬ್ಬರಿಗೂ ಎಳೆಯದರಲ್ಲಿ ಎಣ್ಣೆನೀರು ಹಾಕಿದ ಕೈ ಇದು. ಆದ್ದರಿಂದ ದೊಡ್ಡಮ್ಮ ಅಡ್ಡಗಾಲು ಹಾಕುತ್ತಿದ್ದಾಳೆ ಅಂದುಕೊಳ್ಳದೆ ಕೇಳು.

ಮೂವತ್ತೆರಡು ವರ್ಷ ಹತ್ತನೇ ಕ್ಲಾಸಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದೆ. ಪ್ರತಿ ವರ್ಷವೂ ಅನುವಂಶೀಯತೆಯ ಪಾಠ ಬಂದಾಗ ಬೋರ್ಡಿನ ಮೇಲೆ ನಾಲ್ಕು ಮನೆಯ ಚೌಕ ಬರೆದು ಬಟಾಣಿಯ ಕಥೆ ಹೇಳುತ್ತಿದ್ದೆ. ಸಂಜೆ ಮನೆಗೆ ಬಂದರೆ ಅದೇ ಚೌಕ ನಮ್ಮ ಮನೆಯಲ್ಲೇ ಜೀವ ತಳೆದು ಓಡಾಡುತ್ತಿತ್ತು. ಅದರ ಬಗ್ಗೆ ಒಂದು ಮಾತೂ ಆಡದೆ ಕಾಫಿ ಕುಡಿದು ಕೂರುತ್ತಿದ್ದೆ. ಆ ತಪ್ಪು ಇನ್ನೊಮ್ಮೆ ಆಗಬಾರದು ಅಂತ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಚಿಕ್ಕಮ್ಮನನ್ನು ಹದಿನೆಂಟು ತುಂಬುವ ಹೊತ್ತಿಗೆ ನಮ್ಮಮ್ಮನ ಕಿರಿಯ ತಮ್ಮನಿಗೆ ಕೊಟ್ಟರು. ಕಳ್ಳುಬಳ್ಳಿ ಬಿಡಬಾರದು, ಹುಡುಗಿ ಕಣ್ಣೆದುರಿಗೇ ಇರುತ್ತಾಳೆ, ಹೊಲ ಹಂಚಿಹೋಗುವುದಿಲ್ಲ, ಅತ್ತೆಮನೆ ಅಂದರೆ ಅಜ್ಜಿಮನೆಯೇ. ಇವೆಲ್ಲ ಸುಳ್ಳು ಕಾರಣಗಳಲ್ಲ. ಗೊತ್ತಿಲ್ಲದ ಮನೆಗೆ ಹೋಗಿ ಕಣ್ಣೀರು ಹಾಕಿದ ಹೆಣ್ಣುಮಕ್ಕಳನ್ನು ನಾನೂ ಕಂಡಿದ್ದೇನೆ. ಚಿಕ್ಕಮ್ಮನಿಗೆ ಮೊದಲ ಮಗಳು ಹುಟ್ಟಿ ಏಳೆಂಟು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅಡುಗೆಮನೆಯ ಹಲಗೆಯಿಂದ ಹಿತ್ತಾಳೆ ಹರಿವಾಣ ಜಾರಿ ಬಿತ್ತು. ಬೀದಿಯವರೆಲ್ಲ ಬಾಗಿಲಿಗೆ ಬಂದರು, ಪಕ್ಕದಲ್ಲೇ ಮಲಗಿದ್ದ ಮಗು ಮಾತ್ರ ಮಿಸುಕಲಿಲ್ಲ. ಪೇಟೆಯ ವೈದ್ಯರೊಬ್ಬರು, ಕೆಲವು ಮಕ್ಕಳು ಮಾತಾಡುವುದು ತಡ, ಕಾಯಿರಿ ಅಂದರು. ಕಾದೆವು. ಎರಡನೆಯದು ಗಂಡು, ಅವನಿಗೂ ಕಿವಿ ಕೇಳಿಸಲಿಲ್ಲ. ಮೂರನೆಯವನಿಗೆ ಕೇಳಿಸಿತು.

ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ತರಕಾರಿ ಹೆಚ್ಚಿದಳು ಅಂತ ಒಬ್ಬರು, ಹರಕೆ ತೀರಿಸಲಿಲ್ಲ ಅಂತ ಇನ್ನೊಬ್ಬರು. ಅವಳ ಕಾಲ್ಗುಣದಿಂದ ಹಿಡಿದು ಹೋದ ಜನ್ಮದವರೆಗೆ ಎಲ್ಲವನ್ನೂ ಜಾಲಾಡಿದರು. ಗಂಡನ ಕಡೆ ಒಂದು ಬೆರಳೂ ತಿರುಗಲಿಲ್ಲ. ಎರಡೂ ಕಡೆ ಒಂದೇ ಮನೆತನ, ಆದರೂ ದೋಷ ಹೆಣ್ಣಿನದೇ ಆಯಿತು. ಆಗ ನಾನು ಬಾಯಿ ಬಿಡಬೇಕಾಗಿತ್ತು.

ಈಗ ಬಟಾಣಿಯ ಕಥೆ. ಪರೀಕ್ಷೆಗೆ ಓದಿ ಮರೆತಿರುತ್ತೀ, ಇನ್ನೊಮ್ಮೆ ನಿನ್ನ ಸಲುವಾಗಿ ಕೇಳು. ಈಗಿನ ಚೆಕ್ ದೇಶದ ಬರ್ನೋ ಊರಿನ ಮಠವೊಂದರಲ್ಲಿ ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿಯಿದ್ದ. ಬಟಾಣಿ ಹೂವು ತನ್ನ ಪರಾಗವನ್ನು ತಾನೇ ತೆಗೆದುಕೊಳ್ಳುತ್ತದೆ. ಅವನು ಮೊಗ್ಗಿನಲ್ಲೇ ಕೇಸರಗಳನ್ನು ಕಿತ್ತು, ಬೇರೆ ಗಿಡದ ಪರಾಗವನ್ನು ಕೈಯಾರೆ ಸವರಿದ. ಗುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಬಂಧ ಕೂಡಿಸಿದಾಗ ಬಂದ ಕಾಳೆಲ್ಲ ಗುಂಡು. ಸುಕ್ಕು ಅಳಿದೇಹೋಯಿತು ಅನ್ನಬೇಕು, ಹಾಗಿತ್ತು. ಆ ಗುಂಡು ಕಾಳುಗಳನ್ನೇ ಬಿತ್ತಿ, ಗಿಡಗಳನ್ನು ಅವುಗಳ ಪಾಡಿಗೆ ಬಿಟ್ಟ. ಕೊಯ್ದು ಎಣಿಸಿದರೆ 5,474 ಗುಂಡು, 1,850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಒಂದೇ ಸಿಪ್ಪೆಯೊಳಗೆ ಗುಂಡೂ ಸುಕ್ಕೂ ಒಡಹುಟ್ಟಿದವರ ಹಾಗೆ ಕೂತಿದ್ದವು. 1865ರಲ್ಲಿ ಅದನ್ನು ತನ್ನೂರಿನ ಸಭೆಯಲ್ಲಿ ಓದಿದ. 1884ರಲ್ಲಿ ತೀರಿಕೊಂಡ. ಲೋಕ ಅವನ ಮಾತಿಗೆ ಕಿವಿಗೊಟ್ಟದ್ದು 1900ರಲ್ಲಿ.

ಅಂದರೆ, ಪುಟ್ಟಿ, ಪ್ರತಿ ಗುಣಕ್ಕೂ ನಮ್ಮಲ್ಲಿ ಎರಡು ಪ್ರತಿ: ಅಪ್ಪನದೊಂದು, ಅಮ್ಮನದೊಂದು. ಆ ಪ್ರತಿಗಳನ್ನೇ ವಂಶವಾಹಿ ಅನ್ನುವುದು. ಕೆಲವು ವಂಶವಾಹಿಗಳು ಒಂದಿದ್ದರೂ ಎದ್ದು ಕಾಣುತ್ತವೆ. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ, ಆ ಮೂಳೆ ಕೀಲುಗಳ ನೋವು, ಅಂಥದ್ದು. ತಂದೆತಾಯಿಯಲ್ಲಿ ಒಬ್ಬರಲ್ಲಿದ್ದರೆ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನು ಕೆಲವು, ಜೊತೆಯದು ಸರಿಯಿದ್ದರೆ, ತಲೆಮಾರುಗಟ್ಟಲೆ ಸದ್ದಿಲ್ಲದೆ ಕೂತಿರುತ್ತವೆ. ಪಠ್ಯಪುಸ್ತಕ ಅವನ್ನು ‘ದುರ್ಬಲ’ ಎಂದು ಕರೆಯುತ್ತದೆ. ಆ ಪದ ನನಗೆ ಎಂದೂ ಒಪ್ಪಿಗೆಯಾಗಲಿಲ್ಲ. ಮೂರು ತಲೆಮಾರು ಮಾತಿಲ್ಲದೆ ದಾಟಿ ಬಂದು ನಾಲ್ಕನೆಯದರಲ್ಲಿ ಕಾಣಿಸಿಕೊಳ್ಳುವುದು ದುರ್ಬಲ ಹೇಗಾದೀತು? ಅದು ಮೌನಿ, ಅಷ್ಟೇ. ನಮ್ಮೆಲ್ಲರಲ್ಲೂ ಇಂಥ ಮೌನಿಗಳು ಕೆಲವಿದ್ದೇ ಇರುತ್ತವೆ. ಆರೋಗ್ಯವಂತರಲ್ಲೂ ಇರುತ್ತವೆ, ಮಡಿವಂತರಲ್ಲೂ ಇರುತ್ತವೆ.

ನಮ್ಮ ಮುತ್ತಜ್ಜ ಮುತ್ತಜ್ಜಿಯರಲ್ಲಿ ಯಾರೋ ಒಬ್ಬರಲ್ಲಿ ಕಿವಿಗೆ ಸಂಬಂಧಿಸಿದ ಅಂಥದ್ದೊಂದು ಇತ್ತು. ಅದು ನಮ್ಮಮ್ಮನಿಗೂ ಬಂತು, ಅವಳ ತಮ್ಮನಿಗೂ ಬಂತು. ನಮ್ಮಮ್ಮನಿಂದ ನಿನ್ನ ಚಿಕ್ಕಮ್ಮನಿಗೆ ಇಳಿಯಿತು. ಸೋದರಮಾವನಿಗೂ ಸೊಸೆಗೂ ವಂಶವಾಹಿಗಳಲ್ಲಿ ಕಾಲುಭಾಗ ಒಂದೇ ಮೂಲದ್ದು. ಎರಡು ದಾರಿಯಲ್ಲಿ ಹೊರಟ ಒಂದೇ ಮೌನಿ ಆ ಮದುವೆಯಲ್ಲಿ ಒಂದೇ ಮನೆಗೆ ಬಂದು ಸೇರಿತು. ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಪ್ರತಿ ಬಸುರಿಗೂ ಮಗುವಿಗೆ ಎರಡೂ ಕಡೆಯಿಂದ ಅದೇ ಪ್ರತಿ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಮೊದಲನೆಯದಕ್ಕೆ ಹೀಗಾಯಿತು, ಇನ್ನು ಮೂರಕ್ಕೆ ಭಯವಿಲ್ಲ ಅಂತ ಆಗ ಯಾರೋ ಸಮಾಧಾನ ಹೇಳಿದ್ದರು. ಅದು ತಪ್ಪು ಲೆಕ್ಕ. ನೀನೂ ಅವನೂ ರಜೆಯಲ್ಲಿ ನಮ್ಮ ಜಗಲಿಯ ಮೇಲೆ ಚೌಕಾಬಾರ ಆಡುತ್ತಿದ್ದಿರಲ್ಲ, ನೆನೆಸಿಕೋ. ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ. ಪ್ರತಿ ಸಲ ಅಂಗೈಯೊಳಗೆ ಕುಲುಕಿ ಹೊಸದಾಗಿಯೇ ಬೀಳುತ್ತದೆ.

ನಿಮ್ಮಿಬ್ಬರ ಲೆಕ್ಕವನ್ನೂ ಹಾಕಿ ನೋಡಿದೆ. ನಮ್ಮಮ್ಮನಲ್ಲಿ ಅದು ಇತ್ತು ಎಂದಿಟ್ಟುಕೊಂಡರೆ ನಿನ್ನ ಅಮ್ಮನಿಗೆ ಬಂದಿರುವ ಸಾಧ್ಯತೆ ಅರ್ಧ, ನಿನಗೆ ಕಾಲು. ಅತ್ತ ನನ್ನ ತಮ್ಮನಿಗೆ ಅರ್ಧ, ಅವನ ಮಗನಿಗೆ ಕಾಲು. ನಿಮ್ಮಿಬ್ಬರಲ್ಲೂ ಇರುವ ಸಾಧ್ಯತೆ ಹದಿನಾರರಲ್ಲಿ ಒಂದು. ಆಮೇಲೆ ಮಗುವಿಗೆ ಎರಡೂ ಸೇರುವುದು ಅರವತ್ತನಾಲ್ಕರಲ್ಲಿ ಒಂದು. ನೀನು ಈ ಬಳ್ಳಿಯ ಹೊರಗಿನವನನ್ನು ಮದುವೆಯಾದರೂ ಅವನಲ್ಲಿ ಬೇರೆ ಮೌನಿಗಳು ಇರುತ್ತವೆ, ಆದರೆ ನಿನ್ನಲ್ಲಿರುವುದೇ ಅವನಲ್ಲೂ ಇರುವುದು ಅಪರೂಪ. ಒಟ್ಟು ಹುಟ್ಟುದೋಷಗಳನ್ನು ಲೆಕ್ಕಕ್ಕೆ ಹಿಡಿದರೆ, ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು. ನಿಮ್ಮಂಥ ಅತ್ತೆಮಗಳು ಮಾವನಮಗನ ಮದುವೆಯಲ್ಲಿ ಅದರ ಮೇಲೆ ಇನ್ನು ಸುಮಾರು ಎರಡು ಮೂರು. ಬಹುಪಾಲು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತಾರೆ. ನಿನ್ನನ್ನು ಹೆದರಿಸಿ ಈ ಮದುವೆ ತಪ್ಪಿಸುವುದು ನನ್ನ ಉದ್ದೇಶವಲ್ಲ. ಕಣ್ಣು ಕಟ್ಟಿಕೊಂಡು ಮದುವೆಯಾಗಬೇಡ ಅನ್ನುತ್ತೇನೆ.

ಜಾತಕ ಕೂಡಿದೆ, ಗೋತ್ರ ಬೇರೆ ಅಂತ ನಿನ್ನಪ್ಪ ಹೇಳಿದರಂತೆ. ಗೋತ್ರ ತಂದೆಯ ಕಡೆಯ ಲೆಕ್ಕವನ್ನು ಮಾತ್ರ ಇಡುತ್ತದೆ. ನಮ್ಮಲ್ಲಿ ಚಿಕ್ಕಪ್ಪನ ಮಗ ಅಣ್ಣ, ಅವನ ಜೊತೆ ಮದುವೆಯ ಮಾತೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಾರೆ. ಸೋದರಮಾವನ ಮಗ ಮಾತ್ರ ಹುಟ್ಟಿನಿಂದಲೇ ವರ. ವಂಶವಾಹಿಗೆ ಈ ಭೇದ ತಿಳಿಯದು. ಇಬ್ಬರ ಜೊತೆಗೂ ನೀನು ಹಂಚಿಕೊಂಡಿರುವುದು ಎಂಟರಲ್ಲಿ ಒಂದು ಭಾಗವೇ. 1955ರ ಹಿಂದೂ ವಿವಾಹ ಕಾಯ್ದೆ ಇಂಥ ಹತ್ತಿರದ ಸಂಬಂಧಗಳನ್ನು ನಿಷೇಧಿಸಿ, ಸಂಪ್ರದಾಯವಿದ್ದಲ್ಲಿ ಆಗಬಹುದು ಎಂದು ಬಾಗಿಲು ತೆರೆದಿಟ್ಟಿದೆ. ಹಾಗಾಗಿ ಕಾನೂನು ನಿಮ್ಮನ್ನು ತಡೆಯುವುದಿಲ್ಲ, ಕಾಪಾಡುವುದೂ ಇಲ್ಲ.

ಹೀಗೆ ಎರಡು ಕಡೆಯಿಂದ ಬೆರೆಸುವ ಗೋಜು ಪ್ರಕೃತಿಗೆ ಯಾಕೆ ಬೇಕಿತ್ತು ಅಂತ ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ಆಗ ಏನೋ ಹೇಳಿ ಸುಮ್ಮನಾಗಿಸಿದ್ದೆ. ಉತ್ತರ ನಮ್ಮ ಹಿತ್ತಿಲಿನಲ್ಲೇ ಇತ್ತು. ನಿಮ್ಮಜ್ಜ ನಂಜನಗೂಡು ರಸಬಾಳೆ ಬೆಳೆಯುತ್ತಿದ್ದರು. ಆ ಬಾಳೆಗೆ ಬೀಜವಿಲ್ಲ. ತಾಯಿಗಿಡದ ಬುಡದಲ್ಲಿ ಬಂದ ಕಂದನ್ನು ಕಿತ್ತು ನೆಟ್ಟರೆ ಅದೇ ಗಿಡ, ಅದೇ ರುಚಿ, ಅದೇ ಕಂಪು. ತೋಟದ ತುಂಬ ಇದ್ದದ್ದು ಒಂದರ್ಥದಲ್ಲಿ ಒಂದೇ ಗಿಡ. ಪನಾಮಾ ಸೊರಗು ರೋಗ ಮಣ್ಣಿಗೆ ಇಳಿದಾಗ ಒಂದನ್ನು ಕೊಂದದ್ದು ಎಲ್ಲವನ್ನೂ ಕೊಲ್ಲಬಲ್ಲುದಾಗಿತ್ತು. ಎಲೆ ಹಳದಿಗೆ ತಿರುಗಿ ದಿಂಡಿನ ಸುತ್ತ ಜೋತುಬಿದ್ದ ಸಾಲುಗಳ ನಡುವೆ ಅಪ್ಪ ಕೈಕಟ್ಟಿ ನಿಂತಿದ್ದನ್ನು ನಾನು ಮರೆತಿಲ್ಲ. ಎದುರಿಸಿ ನಿಲ್ಲಲು ಬೇರೆ ಥರದ ಗಿಡ ಒಂದೂ ಇರಲಿಲ್ಲ. ಗಂಡು ಹೆಣ್ಣು ಕೂಡಿ ಹುಟ್ಟುವ ಜೀವಿಗಳಲ್ಲಿ ಪ್ರತಿ ಮರಿಯೂ ಬೇರೆ. ಒಂದು ಸೋತಲ್ಲಿ ಇನ್ನೊಂದು ಉಳಿದೀತು.

ನಮ್ಮ ಜೀವಕೋಶದಲ್ಲಿ ವಂಶವಾಹಿಗಳನ್ನು ಹೊತ್ತ 46 ವರ್ಣತಂತುಗಳು, 23 ಜೊತೆ. ಅಂಡವೋ ವೀರ್ಯಾಣುವೋ ಆಗುವಾಗ ಪ್ರತಿ ಜೊತೆಯಿಂದ ಒಂದು ಮಾತ್ರ ಹೋಗುತ್ತದೆ. ಯಾವುದು ಹೋಗುತ್ತದೆ ಎಂಬ ಆಯ್ಕೆಯಲ್ಲೇ 83,88,608 ಬಗೆ. ಅದಕ್ಕೂ ಮೊದಲು ಜೊತೆಯ ತಂತುಗಳು ಮಗ್ಗುಲಿಗೆ ಮಗ್ಗುಲು ಮಲಗಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆದ್ದರಿಂದಲೇ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ನಿನ್ನಕ್ಕ ಕಪ್ಪು ದಟ್ಟ ಗುಂಗುರು ಕೂದಲಿನವಳು, ನೀನು ಅಜ್ಜನ ಹಾಗೆ ನೀಳ ಮೂಗಿನವಳು. ಇನ್ನೊಂದು ಸಂಗತಿ ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹೆಣ್ಣುಮಗುವಿನ ಅಂಡಗಳು ಅವಳು ಹುಟ್ಟುವ ಮೊದಲೇ ಒಳಗೆ ರೂಪ ತಳೆದಿರುತ್ತವೆ. ನಿನ್ನಜ್ಜಿ ತುಂಬು ಬಸುರಿಯಾಗಿ ಗದ್ದೆಯಲ್ಲಿ ಪೈರು ನಾಟಿ ಮಾಡುತ್ತಿದ್ದಳಲ್ಲ, ಹೊಟ್ಟೆಯಲ್ಲಿ ನಿನ್ನಮ್ಮ. ಆ ನಿನ್ನಮ್ಮನ ಒಳಗೆ, ಮುಂದೆ ನೀನಾಗಲಿದ್ದ ಆ ಒಂದು ಕಣವೂ ಆಗಲೇ ಇತ್ತು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಕೇಳುವುದಕ್ಕೆ ಹಿತ, ಆದರೆ ಅರ್ಧ ಮಾತು. ಮಗ್ಗದ ಮುಂದೆ ಕೂತವರನ್ನು ಕೇಳು, ಹಾಸು ಮಾತ್ರದಿಂದ ಸೀರೆಯಾಗುವುದಿಲ್ಲ, ಹೊಕ್ಕೂ ಬೇಕು. ನೀನು ಹುಟ್ಟಿದ ದಿನ, ಎರಡನೆಯದೂ ಹೆಣ್ಣೇ ಎಂದು ನಿನ್ನಮ್ಮನ ಹಾಸಿಗೆಯ ಹತ್ತಿರವೇ ಕೆಲವರು ಮುಖ ಸಿಂಡರಿಸಿದ್ದರು. ಹೆಣ್ಣೋ ಗಂಡೋ ಎಂದು ಗೊತ್ತುಮಾಡುವ ವರ್ಣತಂತುಗಳ ಜೊತೆಯಲ್ಲಿ ತಾಯಿಯ ಅಂಡದಲ್ಲಿರುವುದು ಯಾವಾಗಲೂ ಎಕ್ಸ್. ಎಕ್ಸ್ ಅಥವಾ ವೈ ತರುವುದು ತಂದೆಯ ವೀರ್ಯಾಣು. 1905ರಲ್ಲೇ ನೆಟ್ಟಿ ಸ್ಟೀವನ್ಸ್ ಎಂಬ ಹೆಣ್ಣುಮಗಳು ಹಿಟ್ಟಿನ ಹುಳುವಿನ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಲಿಂಗ ಗೊತ್ತಾಗುವುದು ಗಂಡಿನ ಕಣದಲ್ಲಿರುವ ವರ್ಣತಂತುವಿನಿಂದ ಎಂದು ತೋರಿಸಿದ್ದಳು. ಸುದ್ದಿ ನಮ್ಮ ಬಾಣಂತಿ ಕೋಣೆಗಳಿಗೆ ಇನ್ನೂ ಸರಿಯಾಗಿ ಬಂದು ಮುಟ್ಟಿಲ್ಲ. ಇದಕ್ಕಾಗಿ ಗಂಡನ ಮೇಲೆ ತಪ್ಪು ಹೊರಿಸು ಅನ್ನುತ್ತಿಲ್ಲ, ಯಾವ ಕಣ ಮುಂದೆ ಹೋಗಬೇಕೆಂದು ಅವನೂ ಆರಿಸುವುದಿಲ್ಲ.

ಇನ್ನು ಮಾಡಬೇಕಾದ್ದು. ಮದುವೆಯ ಮಾತು ಮುಂದೆ ಹೋಗುವ ಮೊದಲು ನೀವಿಬ್ಬರೂ ಒಟ್ಟಿಗೆ ವಂಶವಾಹಿ ಸಲಹೆ ಕೊಡುವ ವೈದ್ಯರ ಹತ್ತಿರ ಕೂರಿ. ಮೊದಲು ರಕ್ತ ಕೊಡಬೇಕಾದವರು ನೀವಲ್ಲ, ಚಿಕ್ಕಮ್ಮನ ಮಗಳು. ಅವಳಲ್ಲಿ ಯಾವ ವಂಶವಾಹಿ ಬದಲಾಗಿದೆ ಎಂದು ಗೊತ್ತಾದರೆ ನಿಮ್ಮಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಕತ್ತಲೆಯಲ್ಲಿ ತಡಕಾಡುವುದು ತಪ್ಪುತ್ತದೆ. ಜೊತೆಗೆ ತಲಸ್ಸೇಮಿಯಾ ಎಂಬ ರಕ್ತದ ಕಾಯಿಲೆಯ ಮೌನಿಯನ್ನು ಹೊತ್ತ ವಾಹಕರೇ ಎಂದು ತಿಳಿಯುವ ರಕ್ತಪರೀಕ್ಷೆ ಮಾಡಿಸಿ. ಇದು ಸಂಬಂಧದೊಳಗೇ ಆಗಲಿ ಹೊರಗೇ ಆಗಲಿ, ಮದುವೆಯಾಗುವ ಪ್ರತಿ ಜೋಡಿಗೂ ಬೇಕಾದದ್ದು. ಇಬ್ಬರೂ ವಾಹಕರಾಗಿದ್ದು ಮಗುವಿಗೆ ಎರಡೂ ಪ್ರತಿ ಸೇರಿದರೆ, ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ಬೇರೆಯವರ ರಕ್ತ ಏರಿಸಿಕೊಂಡು ಬದುಕಬೇಕಾಗುತ್ತದೆ. ಫಲಿತಾಂಶ ಏನೇ ಬರಲಿ, ಮದುವೆಯಾಗುವುದೋ ಬಿಡುವುದೋ ನಿಮ್ಮಿಬ್ಬರ ತೀರ್ಮಾನ. ಮನೆಯವರೆಲ್ಲ ಸುತ್ತ ಕೂತು ಕೈ ಎತ್ತುವ ಪಂಚಾಯಿತಿ ಅದಲ್ಲ.

ಮುಂದೆ ಮಗುವಾದರೆ, ಯಾರ ಮಗುವೇ ಆಗಲಿ, ಒಂದು ತಿಂಗಳೊಳಗೆ ಕಿವಿ ಪರೀಕ್ಷೆ ಆಗಬೇಕು. ಅನುಮಾನವಿದ್ದರೆ ಮೂರು ತಿಂಗಳೊಳಗೆ ಖಚಿತವಾಗಬೇಕು, ಆರು ತಿಂಗಳೊಳಗೆ ನೆರವು ಶುರುವಾಗಬೇಕು. ಚಿಕ್ಕಮ್ಮನ ಮಗಳನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದಾಗ ಅವಳಿಗೆ ಆರು ವರ್ಷ. ಕಿವಿ ಕೇಳಿಸದ್ದು ಅವಳ ಬದುಕನ್ನು ಕೆಡಿಸಲಿಲ್ಲ, ಆ ಆರು ವರ್ಷ ನಾವು ಯಾವ ಭಾಷೆಯನ್ನೂ ಕೊಡದೆ ಕೂರಿಸಿದ್ದು ಕೆಡಿಸಿತು. ಆಮೇಲೆ ಕಲಿತಳು, ದುಡಿದಳು, ಸಂಬಂಧದ ಹೊರಗೆ ಮದುವೆಯಾದಳು. ಅವಳ ಮಗಳು ಬೆರಳಲ್ಲೂ ಮಾತಾಡುತ್ತಾಳೆ, ಬಾಯಲ್ಲೂ ಮಾತಾಡುತ್ತಾಳೆ. ತಾಯಿಯಿಂದ ಬಂದ ಆ ಮೌನಿಯ ಒಂದು ಪ್ರತಿ ಅವಳಲ್ಲೂ ಇದ್ದೇ ಇದೆ. ದೊಡ್ಡವಳಾದ ಮೇಲೆ ಅವಳಿಗೂ ತಿಳಿಸಬೇಕು, ಅದೇನೂ ಮುಚ್ಚಿಡುವ ವಿಷಯವಲ್ಲ.

ಇವತ್ತು ಬೆಳಿಗ್ಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ನಾಲ್ಕು ಮನೆಯ ಚೌಕವನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಗೆ ಬರೆದು ತೋರಿಸಿದೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಎರಡು ಗೆರೆಗಳ ಮೇಲೆ ಬೆರಳಿಟ್ಟು, ‘ಹಾಗಾದರೆ ಇದು ಅವರ ಕಡೆಯದೂ ಹೌದಾ ಅಕ್ಕಾ?’ ಅಂದಳು. ಹೌದು ಅಂದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ಕೇಳುತ್ತಾಳೆ ಅಂದುಕೊಂಡು ತಲೆ ತಗ್ಗಿಸಿ ಕೂತಿದ್ದೆ. ಕೇಳಲಿಲ್ಲ. ಒಳಗೆ ಹೋಗಿ ಬೀರುವಿನಿಂದ ಮಗಳ ಹಳೆಯ ಕಾಗದಗಳೆಲ್ಲ ಇರುವ ಬಟ್ಟೆಚೀಲವನ್ನು ತಂದು ನನ್ನ ಮಡಿಲಲ್ಲಿಟ್ಟಳು. ಮಗಳನ್ನು ತಾನೇ ಕರೆತರುತ್ತೇನೆ ಅಂದಿದ್ದಾಳೆ. ಶನಿವಾರ ಬೆಳಗಿನ ಬಸ್ಸಿಗೆ ಬಾ, ಅವನನ್ನೂ ಕರೆದುಕೊಂಡು ಬಾ. ಚೀಲ ನನ್ನ ಮೇಜಿನ ಮೇಲಿದೆ.