ಛತ್ರದವನಿಗೆ ಒಪ್ಪಿಸಿದ ಬಗೆ



ಸಂತ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸಮಾರಿಯದವನ ಸಾಮತಿಯನ್ನು ನಾವೆಲ್ಲ ಎಷ್ಟೋ ಸಾರಿ ಕೇಳಿದ್ದೇವೆ. ಪ್ರಬೋಧನೆಯಲ್ಲಿ ಹೆಚ್ಚಾಗಿ ಬರುವುದು ದಾರಿಯಲ್ಲಿ ಬಿದ್ದವನ ಮಾತು, ನೋಡಿಯೂ ಹಾದುಹೋದ ಯಾಜಕ ಮತ್ತು ಲೇವಿಯರ ಮಾತು. ಈ ಸಾರಿ ಅದರ ಕೊನೆಯ ಭಾಗವನ್ನು ನಿಧಾನವಾಗಿ ಓದೋಣ. ಸಮಾರಿಯದವನು ಗಾಯಾಳುವನ್ನು ಛತ್ರದ ಬಾಗಿಲಲ್ಲಿ ಇಳಿಸಿ ಹೊರಟುಹೋಗಲಿಲ್ಲ. ಆ ದಿನ ತಾನೇ ಆರೈಕೆ ಮಾಡಿದ. ಮರುದಿನ ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ನೋಡಿಕೊಳ್ಳಲು ಹೇಳಿ, ಹೆಚ್ಚಿಗೆ ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದು ಮಾತು ಕೊಟ್ಟ. ಆರೈಕೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ್ದು ಹೀಗೆ.

ರಾಯದುರ್ಗ, ಮಡಕಶಿರಾ ಕಡೆಯ ನಮ್ಮ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳು ದೊಡ್ಡವರಾಗುತ್ತಾರೆ, ತಂದೆತಾಯಿಗೆ ವಯಸ್ಸಾಗುತ್ತದೆ. ಬಳ್ಳಾರಿಯಲ್ಲೋ ಬೆಂಗಳೂರಿನಲ್ಲೋ ಅನಂತಪುರದಲ್ಲೋ ಒಂದು ಹೋಂ ಹುಡುಕಿ ಸೇರಿಸುತ್ತೇವೆ. ಅಲ್ಲಿಗೆ ಚಿಂತೆ ಮುಗಿಯಿತು ಎಂದುಕೊಳ್ಳುವಾಗಲೇ ಕರೆ ಬರುತ್ತದೆ: ಇಲ್ಲಿ ಹದಿನೆಂಟು ವರ್ಷದವರೆಗೆ ಮಾತ್ರ, ಬೇರೆ ಕಡೆ ನೋಡಿಕೊಳ್ಳಿ. ಅಥವಾ ಹೋಂ ಅನ್ನೇ ಮುಚ್ಚುತ್ತಾರೆ. ಅಥವಾ ತಾಯಿ ತೀರಿಕೊಂಡು, ಅಣ್ಣ ಇರುವ ಊರಿಗೆ ತಮ್ಮನನ್ನೂ ಕರೆದೊಯ್ಯಬೇಕಾಗುತ್ತದೆ.

ಇಂಥ ಸ್ಥಳಾಂತರವನ್ನು ಅವಸರದಲ್ಲಿ ಮಾಡಿದರೆ ಏನಾಗುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾ ನೋಡಿದೆ. ಅಲ್ಲಿನ ಗೌಟೆಂಗ್ ಪ್ರಾಂತ್ಯದ ಸರ್ಕಾರ ಖರ್ಚು ಉಳಿಸುವ ನೆಪದಲ್ಲಿ ಲೈಫ್ ಎಸಿಡಿಮೆನಿ ಎಂಬ ಸಂಸ್ಥೆಯ ಜೊತೆಗಿನ ಒಪ್ಪಂದವನ್ನು ಕೊನೆಗೊಳಿಸಿತು. 2015-16ರಲ್ಲಿ ಅಲ್ಲಿದ್ದ ಸುಮಾರು 1,700 ಮಂದಿ ಮಾನಸಿಕ ರೋಗಿಗಳನ್ನೂ ಬುದ್ಧಿಮಾಂದ್ಯರನ್ನೂ ಬೇರೆ ಬೇರೆ ಕಡೆಗೆ, ಬಹುಪಾಲು ಸಣ್ಣಪುಟ್ಟ ಸ್ವಯಂಸೇವಾ ಮನೆಗಳಿಗೆ ಸಾಗಿಸಿದರು. ಎಷ್ಟೋ ಜನರ ಫೈಲು ಜೊತೆಗೆ ಹೋಗಲಿಲ್ಲ. ಎಷ್ಟೋ ಮನೆಯವರಿಗೆ ಮಗ ಎಲ್ಲಿದ್ದಾನೆ ಎಂದೇ ತಿಳಿಯಲಿಲ್ಲ. 144 ಮಂದಿ ಸತ್ತರು. ಆ ಮನೆಗಳಲ್ಲಿ ಒಂದಕ್ಕೂ ಸರಿಯಾದ ಪರವಾನಗಿ ಇರಲಿಲ್ಲ ಎಂದು ಆಮೇಲಿನ ವಿಚಾರಣೆಯಲ್ಲಿ ಹೊರಬಿತ್ತು.

ನಮ್ಮ ದೇಶದ ಕಾಯಿದೆ ಈ ವಿಷಯದಲ್ಲಿ ಸುಮ್ಮನಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಇಂಥ ಸಂಸ್ಥೆಗಳು ನೋಂದಣಿ ಮಾಡಿಸಿರಬೇಕು. ನೋಂದಣಿ ರದ್ದಾದರೆ ಅಲ್ಲಿದ್ದವರನ್ನು ತಂದೆತಾಯಿಗೋ ಪೋಷಕರಿಗೋ ಮರಳಿ ಒಪ್ಪಿಸಲು, ಇಲ್ಲವೇ ಇನ್ನೊಂದು ಸಂಸ್ಥೆಗೆ ಕಳುಹಿಸಲು ಅಧಿಕಾರಿ ಆದೇಶಿಸಬಹುದು ಎಂದು 52ನೇ ಕಲಂ ಹೇಳುತ್ತದೆ. ಆದ್ದರಿಂದ ಹೊಸ ಹೋಂ ನೋಡಲು ಹೋದಾಗ ನೋಂದಣಿ ಪತ್ರವನ್ನು ಕೇಳಿ. ನಡೆಸುವವರು ನಮ್ಮ ಸಿಸ್ಟರುಗಳೇ ಆದರೂ ಕೇಳಿ, ಅದರಲ್ಲಿ ಅಗೌರವವೇನೂ ಇಲ್ಲ.

ಇನ್ನೊಂದು ಮಾತು. ಮಗನಿಗೆ 18 ತುಂಬಿದ ಮೇಲೆ ತಂದೆತಾಯಿಯೇ ಆದರೂ ಕಾನೂನಿನಲ್ಲಿ ತಾನಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಕೆಳಗೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವ ಪಡೆಯಬಹುದು. ರಾಯದುರ್ಗದವರಿಗೆ ಅದು ಅನಂತಪುರ. ಮಡಕಶಿರಾ 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವುದರಿಂದ ಅಲ್ಲಿಯವರು ಪುಟ್ಟಪರ್ತಿಗೆ ಹೋಗಬೇಕು. ಗಡಿ ದಾಟಿ ಕರ್ನಾಟಕದ ಹೋಂಗೆ ಸೇರಿಸುವವರು ಪಿಂಚಣಿಯ ಬಗ್ಗೆ ಮೊದಲೇ ಯೋಚಿಸಿ. ಯುಡಿಐಡಿ ಕಾರ್ಡು ದೇಶಕ್ಕೆಲ್ಲ ಒಂದೇ, ಆದರೆ ತಿಂಗಳ ಪಿಂಚಣಿ ಆಂಧ್ರ ಸರ್ಕಾರದ್ದು.

ಕಾಗದಪತ್ರಕ್ಕಿಂತ ಕಷ್ಟದ್ದು ಮನುಷ್ಯನ ಪರಿಚಯವನ್ನು ದಾಟಿಸುವುದು. ಹತ್ತು ವರ್ಷ ಜೊತೆಗಿದ್ದ ಆಯಾಗೆ ಗೊತ್ತಿರುವುದು ಯಾವ ಫೈಲಿನಲ್ಲೂ ಇರುವುದಿಲ್ಲ. ಅವನು ಕಿವಿ ಹಿಡಿದುಕೊಂಡರೆ ಹಲ್ಲುನೋವು, ತಟ್ಟೆ ತಳ್ಳಿದರೆ ಹಸಿವಿಲ್ಲ ಎಂದಲ್ಲ, ಅನ್ನ ಬಿಸಿಯಾಗಿದೆ ಎಂದು. ಇದನ್ನೆಲ್ಲ ಕೂತು ಕೇಳಿ ಎರಡು ಪುಟ ಬರೆದುಕೊಳ್ಳಿ. ಅವನಾಡುವ ಹತ್ತಿಪ್ಪತ್ತು ಮಾತುಗಳನ್ನು ಅರ್ಥದೊಂದಿಗೆ ಬರೆಯಿರಿ. ಗಡಿಯಲ್ಲಿ ಬೆಳೆದ ನಮಗೆ ಕನ್ನಡ, ತೆಲುಗು ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಆದರೆ ಮನೆಯ ಕನ್ನಡ ಮಾತ್ರ ಬಲ್ಲ ಮಗನಿಗೆ "ನೀಳ್ಳು ಕಾವಾಲಾ" ಎಂದರೆ ನೀರು ಕೊಡುತ್ತಾರೆಂದು ಹೇಗೆ ತಿಳಿಯಬೇಕು? ಕೇರಳದಿಂದ ಬಂದ ಸಿಸ್ಟರಿಗೆ ಅವನ "ನೋಯ್ತದೆ" ಹೇಗೆ ತಿಳಿಯಬೇಕು? ಮಾತು ನಾಟದೆ ಅವನು ಕೂಗಾಡಿದರೆ ಹಟಮಾರಿ ಎಂಬ ಹೆಸರು ಮೊದಲ ವಾರವೇ ಅಂಟಿಬಿಡುತ್ತದೆ.

ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಥಟ್ಟನೆ ನಿಂತರೆ ಫಿಟ್ಸ್ ಮೇಲಿಂದ ಮೇಲೆ ಬಂದು ಜೀವಕ್ಕೇ ಅಪಾಯ. ಒಂದು ತಿಂಗಳ ಮಾತ್ರೆ, ವೈದ್ಯರ ಚೀಟಿ ಎರಡನ್ನೂ ಹೊಸ ಹೋಂನ ನರ್ಸಿನ ಕೈಗೇ ಕೊಡಿ, ಬಟ್ಟೆಯ ಪೆಟ್ಟಿಗೆಯಲ್ಲಿ ಹಾಕಿ ಕಳುಹಿಸಬೇಡಿ.

ಹೋಗುವವನಿಗೂ ಹೇಳಬೇಕಲ್ಲ! ಅವನಿಗೇನು ತಿಳಿಯುತ್ತದೆ ಎಂದು ರಾತ್ರೋರಾತ್ರಿ ಕರೆದೊಯ್ಯುವುದನ್ನು ನಾವು ಒಪ್ಪುವುದಿಲ್ಲ. ಒಂದು ಸಲ ಕರೆದೊಯ್ದು ತೋರಿಸಿ, ಅಲ್ಲಿ ಊಟ ಮಾಡಿಸಿ, ಇನ್ನೊಂದು ಸಲ ಒಂದು ರಾತ್ರಿ ಇರಿಸಿ. ಹೊಸ ಮನೆಯ ಫೋಟೋ ಕೈಗೆ ಕೊಡಿ. ತನ್ನದೇ ಹೊದಿಕೆ, ತನ್ನದೇ ಲೋಟ ಜೊತೆಗೆ ಹೋಗಲಿ. ಹಳೆಯ ಹೋಂನ ಗೆಳೆಯರಿಗೆ ಹೇಳಿ ಹೊರಡಲಿ.

ಸಮಾರಿಯದವನು ತಿರುಗಿ ಬರುತ್ತೇನೆ ಎಂದಿದ್ದ. ಇಂಥ ದಿನ ಬರುತ್ತೇವೆ ಎಂದು ಹೇಳಿ ಅದೇ ದಿನ ಹೋಗಿ. ಮೊದಲ ತಿಂಗಳು ವಾರಕ್ಕೊಮ್ಮೆ ಫೋನಾದರೂ ಇರಲಿ. ಕುಟುಂಬದಲ್ಲಿ ಹೋಗುವವರು ಯಾರೂ ಉಳಿಯದಿದ್ದರೆ ಧರ್ಮಕೇಂದ್ರದ ಇಬ್ಬರು ಆ ಹೊಣೆ ಹೊರಬಹುದು. ಬಳ್ಳಾರಿಗೆ ರಾಯದುರ್ಗದಿಂದ ರೈಲೇ ಇದೆ.

ಹೊಸ ಊರಿನ ಗುರುಗಳಿಗೂ ಒಂದು ಪತ್ರ ಹೋಗಲಿ: ದೀಕ್ಷಾಸ್ನಾನದ ಪ್ರಮಾಣಪತ್ರ, ಪ್ರಥಮ ಪರಮಪ್ರಸಾದ ಆಗಿದೆಯೋ ಇಲ್ಲವೋ, ಬಲಿಪೂಜೆಯಲ್ಲಿ ಎಲ್ಲಿ ಕೂತರೆ ಅವನಿಗೆ ಸಮಾಧಾನ. ನುಂಗುವುದು ಕಷ್ಟವಿದ್ದರೆ ಅದನ್ನೂ ಬರೆಯಿರಿ. ಪ್ರಸಾದದ ಒಂದು ಸಣ್ಣ ಚೂರನ್ನು ಕೊಟ್ಟರೆ ಸಾಕು.