ಕಂತು ಮುಗಿಯುವವರೆಗೆ ಕಾರು ಯಾರದು?

ಪ್ರಶ್ನೆ: ಸಾಲ ಮಾಡಿ ಕಾರು ಕೊಂಡಿದ್ದೇನೆ. ಆರ್‌ಸಿಯಲ್ಲಿ ಮಾಲೀಕನ ಜಾಗದಲ್ಲಿ ನನ್ನ ಹೆಸರಿದೆ, ಕೆಳಗೆ ಫೈನಾನ್ಸ್ ಕಂಪನಿಯ ಹೆಸರೂ ಇದೆ. ‘ಕೊನೇ ಕಂತು ಕಟ್ಟುವ ತನಕ ಅದು ಅವರ ಗಾಡಿ ಕಣೋ’ ಎನ್ನುತ್ತಾನೆ ನಮ್ಮಣ್ಣ. ‘ಗಾಡಿ ನಿಮ್ಮದೇ ಸಾರ್’ ಎಂದಿದ್ದರು ಶೋರೂಮಿನವರು. ಯಾರ ಮಾತು ಸರಿ? ಕಂತು ತಪ್ಪಿದರೆ ಅವರು ಬಂದು ಎತ್ತಿಕೊಂಡು ಹೋಗಬಹುದೇ?
– ಓದುಗರೊಬ್ಬರು, ಹಾವೇರಿ

ಉತ್ತರ: ನೀವು ಸಹಿ ಹಾಕಿದ್ದು ಹೈಪಾತಿಕೇಷನ್ ಕರಾರಾದರೆ ಶೋರೂಮಿನವರ ಮಾತು ಸರಿ, ಹೈರ್ ಪರ್ಚೇಸ್ ಆದರೆ ನಿಮ್ಮಣ್ಣನದು. ಜನರ ಬಾಯಲ್ಲಿ ಎರಡೂ ‘ಎಚ್‌ಪಿ’ಯೇ ಆಗಿರುವುದರಿಂದ ಈ ಗೊಂದಲ.

ಹೈರ್ ಪರ್ಚೇಸ್‌ನಲ್ಲಿ ಫೈನಾನ್ಸ್‌ನವರು ಗಾಡಿಯನ್ನು ನಿಮಗೆ ಬಾಡಿಗೆಗೆ ಕೊಟ್ಟಿರುತ್ತಾರೆ. ಕಂತೆಲ್ಲ ತೀರಿದ ಮೇಲೆ ಅದನ್ನು ಕೊಳ್ಳುವ ಆಯ್ಕೆ ನಿಮ್ಮದು, ಅಲ್ಲಿಯವರೆಗೆ ಒಡೆತನ ಅವರದು. ಈ ಸೂತ್ರ ಗಟ್ಟಿಯಾದದ್ದು ಒಂದು ಪಿಯಾನೋ ಮೊಕದ್ದಮೆಯಿಂದ. ಇಂಗ್ಲೆಂಡಿನಲ್ಲಿ ಒಬ್ಬಾತ ತಿಂಗಳಿಗೆ ಹತ್ತು ಶಿಲಿಂಗ್ ಆರು ಪೆನ್ಸ್‌ನಂತೆ 36 ತಿಂಗಳು ಕಟ್ಟುವ ಕರಾರಿನ ಮೇಲೆ ಪಿಯಾನೋ ಒಯ್ದ. ಬೇಡವೆನಿಸಿದರೆ ಯಾವಾಗ ಬೇಕಾದರೂ ಹಿಂದಿರುಗಿಸಬಹುದಿತ್ತು. ಕಂತು ತೀರುವ ಮೊದಲೇ ಅದನ್ನು ಗಿರವಿ ಅಂಗಡಿಯಲ್ಲಿಟ್ಟು ಹಣ ತೆಗೆದುಕೊಂಡ. ಪಿಯಾನೋ ಯಾರದು ಎಂಬ ಜಗಳ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಒಯ್ದವನಿಗೆ ಕೊಳ್ಳುವ ಅವಕಾಶವಿತ್ತೇ ಹೊರತು ಕೊಳ್ಳಲೇಬೇಕೆಂಬ ಕಟ್ಟುಪಾಡು ಇರಲಿಲ್ಲ. ಆದ್ದರಿಂದ ಮೂಲ ಮಾಲೀಕ ಅದನ್ನು ಗಿರವಿಯವನಿಂದ ವಾಪಸು ಪಡೆಯಬಹುದು ಎಂದು 1895ರಲ್ಲಿ ತೀರ್ಪು ಬಂತು.

ಮಾರುವವರಿಗೆ ಇದು ಹಬ್ಬವಾಯಿತು. ಬಹುಪಾಲು ಹಣ ಕಟ್ಟಿದವನು ಒಂದೆರಡು ಕಂತು ತಪ್ಪಿಸಿದರೂ ಸಾಕು, ವಸ್ತುವೂ ಹೋಯಿತು, ಕಟ್ಟಿದ ದುಡ್ಡೂ ಹೋಯಿತು. ಇದಕ್ಕೆ ಕಡಿವಾಣ ಹಾಕಲು ಸಂಸದೆ ಎಲೆನ್ ವಿಲ್ಕಿನ್ಸನ್ ತಂದ ಖಾಸಗಿ ಮಸೂದೆ 1938ರಲ್ಲಿ ಬ್ರಿಟನ್ನಿನ ಕಾಯ್ದೆಯಾಯಿತು. ಅದರ ಮುಖ್ಯ ನಿಯಮ ಇಂದಿಗೂ ಅಲ್ಲಿನ 1974ರ ಗ್ರಾಹಕ ಸಾಲ ಕಾಯ್ದೆಯಲ್ಲಿ ಉಳಿದಿದೆ: ಒಟ್ಟು ಬೆಲೆಯ ಮೂರನೇ ಒಂದು ಭಾಗ ಕಟ್ಟಿದ ಮೇಲೆ, ಗಿರಾಕಿ ಒಪ್ಪದಿದ್ದರೆ, ಕೋರ್ಟಿನ ಆದೇಶವಿಲ್ಲದೆ ಕಾರು ಮುಟ್ಟುವಂತಿಲ್ಲ. ಮುಟ್ಟಿದರೆ ಕರಾರು ಅಲ್ಲಿಗೇ ಮುಗಿಯಿತು, ಗಿರಾಕಿ ಕಟ್ಟಿದ ಅಷ್ಟೂ ಹಣ ವಾಪಸು ಕೊಡಬೇಕು. ಅರ್ಧ ಬೆಲೆ ಸಂದಾಯವಾಗಿದ್ದರೆ ಗಿರಾಕಿಯೇ ಕಾರು ಒಪ್ಪಿಸಿ ಮುಂದಿನ ಕಂತುಗಳಿಂದ ಕೈತೊಳೆದುಕೊಳ್ಳಲೂಬಹುದು.

ನಮ್ಮಲ್ಲಿಯೂ ಇಂಥದೊಂದು ಕಾಯ್ದೆ ಹುಟ್ಟಿತ್ತು. 1972ರಲ್ಲಿ ಸಂಸತ್ತು ಹೈರ್ ಪರ್ಚೇಸ್ ಕಾಯ್ದೆಯನ್ನು ಅಂಗೀಕರಿಸಿತು. ಬೆಲೆಯ ನಿಗದಿತ ಪಾಲು ಸಂದ ಮೇಲೆ ಕೋರ್ಟಿಗೆ ಹೋಗದೆ ವಸ್ತು ವಶಪಡಿಸಿಕೊಳ್ಳಬಾರದು ಎಂಬ ಮಾತು ಅದರಲ್ಲೂ ಇತ್ತು. ಆದರೆ ಅದು ಜಾರಿಯ ಮುಖ ಕಾಣಲೇ ಇಲ್ಲ, 2005ರಲ್ಲಿ ರದ್ದಾಯಿತು. ಹೀಗಾಗಿ ‘ಇಷ್ಟು ಕಟ್ಟಿದ್ದೇನೆ, ಇನ್ನು ಯಾರೂ ಮುಟ್ಟುವಂತಿಲ್ಲ’ ಎಂದು ಎದೆ ತಟ್ಟಿ ಹೇಳುವ ಗೆರೆ ನಮ್ಮಲ್ಲಿಲ್ಲ. ನಿಮಗಿರುವ ರಕ್ಷಣೆ ಕರಾರಿನ ಷರತ್ತು, ರಿಸರ್ವ್ ಬ್ಯಾಂಕಿನ ನಿಯಮ ಮತ್ತು ಕೋರ್ಟಿನ ತೀರ್ಪುಗಳಲ್ಲಿ ಹಂಚಿಹೋಗಿದೆ.

ಇಂದು ನಮ್ಮ ಬ್ಯಾಂಕುಗಳು ಕೊಡುವ ಕಾರು ಸಾಲ ಸಾಮಾನ್ಯವಾಗಿ ಹೈಪಾತಿಕೇಷನ್. ಅಂದರೆ ಕಾರು ಕೊಂಡವರು ನೀವು, ಮಾಲೀಕರೂ ನೀವು. ಸಾಲಕ್ಕೆ ಭದ್ರತೆಯಾಗಿ ಅದನ್ನು ತೋರಿಸಿದ್ದೀರಿ. ಚಿನ್ನದ ಸಾಲದಲ್ಲಿ ಒಡವೆ ಬ್ಯಾಂಕಿನ ಕಪಾಟಿನಲ್ಲಿರುತ್ತದೆ, ಇಲ್ಲಿ ಭದ್ರತೆಯ ವಸ್ತು ನಿಮ್ಮ ಮನೆ ಮುಂದೆಯೇ ನಿಂತಿರುತ್ತದೆ. ಕಾಗದದ ತಲೆಬರಹ ನೋಡಿ ಇದು ಇಂಥದ್ದೇ ಎಂದು ತೀರ್ಮಾನಿಸಲೂ ಬಾರದು. ಗಿರಾಕಿ ತಾನೇ ಗಾಡಿ ಆರಿಸಿ, ಫೈನಾನ್ಸ್‌ನವರಿಂದ ಸಾಲ ಪಡೆದು, ಆ ಸಾಲದ ಭದ್ರತೆಗೆಂದು ಹೈರ್ ಪರ್ಚೇಸ್ ಪತ್ರಕ್ಕೆ ಸಹಿ ಹಾಕಿದ್ದರೆ ಅದು ನಿಜದಲ್ಲಿ ಸಾಲವೇ ಎಂದು ಸುಂದರಂ ಫೈನಾನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಷ್ಟು ಹಿಂದೆಯೇ ಹೇಳಿದೆ. ನೈಜ ಹೈರ್ ಪರ್ಚೇಸ್ ಆಗಿದ್ದರೆ ಕೊನೆಯ ಕಂತಿನವರೆಗೆ ಮಾಲೀಕ ಫೈನಾನ್ಸ್ ಕಂಪನಿಯೇ ಎಂದು ಮ್ಯಾಗ್ಮಾ ಫಿನ್‌ಕಾರ್ಪ್ ಪ್ರಕರಣದಲ್ಲಿ, 2020ರಲ್ಲಿ, ಅದೇ ಕೋರ್ಟ್ ಹೇಳಿತು.

ಆರ್‌ಸಿಯ ಲೆಕ್ಕವೇ ಬೇರೆ. ಮೋಟಾರು ವಾಹನ ಕಾಯ್ದೆಯ ಮಟ್ಟಿಗೆ, ಕರಾರು ಯಾವುದೇ ಇರಲಿ, ಅದರಡಿ ಗಾಡಿಯನ್ನು ವಶದಲ್ಲಿಟ್ಟುಕೊಂಡವರೇ ‘ಮಾಲೀಕ’. ಟ್ರಾಫಿಕ್ ದಂಡದ ನೋಟಿಸು, ಅಪಘಾತದ ಪರಿಹಾರದ ಹೊಣೆ ಎಲ್ಲವೂ ನಿಮ್ಮ ಹೆಸರಿಗೇ. ಫೈನಾನ್ಸ್ ಕಂಪನಿಯ ಹೆಸರು ಅಲ್ಲಿ ಕೂತಿರುವುದು, ಅವರ ಒಪ್ಪಿಗೆಯಿಲ್ಲದೆ ಗಾಡಿ ಬೇರೆಯವರ ಹೆಸರಿಗೆ ಹೋಗದಿರಲೆಂದು.

ಇನ್ನು ಎತ್ತಿಕೊಂಡು ಹೋಗುವ ಮಾತು. ಕರಾರಿನಲ್ಲಿ ಅಂಥ ಷರತ್ತಿದ್ದರೆ, ಕಂತು ತಪ್ಪಿದಾಗ ವಶಪಡಿಸಿಕೊಳ್ಳುವ ಹಕ್ಕು ಅವರಿಗಿದೆ. ಆದರೆ ಹೇಗೆ ಬೇಕಾದರೂ ಅಲ್ಲ. ಗೂಂಡಾಗಳನ್ನು ಬಿಟ್ಟು ವಸೂಲಿ ಮಾಡುವಂತಿಲ್ಲ, ಕಾನೂನಿನ ದಾರಿಯಲ್ಲೇ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಐಸಿಐಸಿಐ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು; ಹೈರ್ ಪರ್ಚೇಸ್‌ಗೂ ಇದು ಅನ್ವಯ ಎಂದು 2011ರಲ್ಲಿ ಸಿಟಿಕಾರ್ಪ್ ಮಾರುತಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಸೀಜಿಂಗ್‌ನವರು ನಡುರಸ್ತೆಯಲ್ಲಿ ಅಡ್ಡಗಟ್ಟಿ, ಬಾಗಿಲು ತೆಗೆಸಿ, ಕೀ ಕಿತ್ತುಕೊಂಡರೆ ಅದು ವಸೂಲಿಯಲ್ಲ, ದೌರ್ಜನ್ಯ. ಪೊಲೀಸರಿಗೆ ದೂರು ಕೊಡಿ. ವಸೂಲಿಯ ಕರೆಗಳನ್ನೂ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ತಾಕೀತು ಮಾಡಿದೆ.

ಫೈನಾನ್ಸ್ ಕಂಪನಿಗಳ ಕರಾರಿನಲ್ಲಿ ವಶಪಡಿಸಿಕೊಳ್ಳುವ ಷರತ್ತು ಇದ್ದರೆ, ಕೆಲವು ಸಂಗತಿಗಳನ್ನು ಬಿಡಿಸಿ ಬರೆದಿರಲೇಬೇಕು ಎಂಬ ನಿಯಮವೂ ಇದೆ: ಎಷ್ಟು ದಿನದ ನೋಟಿಸು, ಯಾವ ಸಂದರ್ಭದಲ್ಲಿ ನೋಟಿಸು ಬೇಕಿಲ್ಲ, ವಶಕ್ಕೆ ಪಡೆಯುವ ಕ್ರಮವೇನು, ಹರಾಜಿಗೆ ಮುಂಚೆ ಬಾಕಿ ತೀರಿಸಲು ಕೊನೆಯ ಅವಕಾಶ, ತೀರಿಸಿದರೆ ಗಾಡಿ ಹಿಂದಿರುಗಿಸುವ ವಿಧಾನ. ಇದನ್ನು ಮೀರಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರಬಹುದು. ಗ್ರಾಹಕ ಆಯೋಗದ ಬಾಗಿಲೂ ತೆರೆದಿದೆ.

ಒಂದು ತಪ್ಪು ತಿಳಿವಳಿಕೆ ಬಹಳ ಜನರನ್ನು ಮುಳುಗಿಸುತ್ತದೆ. ‘ಗಾಡಿ ಅವರಿಗೇ ಬಿಟ್ಟುಕೊಟ್ಟರೆ ಸಾಲ ಚುಕ್ತಾ’ ಎಂದುಕೊಂಡು ಕೀ ಒಪ್ಪಿಸಿ ಬಂದುಬಿಡುತ್ತಾರೆ. ಬ್ರಿಟನ್ನಿನ ಆ ಅರ್ಧ ಬೆಲೆಯ ಅನುಕೂಲ ಇಲ್ಲಿಲ್ಲ. ಹರಾಜಿನಲ್ಲಿ ಬಂದ ಹಣ ಸಾಲಕ್ಕೆ ಸಾಲದಿದ್ದರೆ ಉಳಿಕೆ ನಿಮ್ಮ ತಲೆಗೇ ಬರುತ್ತದೆ; ಹೆಚ್ಚು ಬಂದರೆ ಮಿಕ್ಕದ್ದು ಕೇಳಿ ಪಡೆಯುವ ಹಕ್ಕೂ ನಿಮ್ಮದು. ಯಾರ್ಡಿನಲ್ಲಿ ನಿಂತ ಕಾರಿಗೆ ಒಳ್ಳೆಯ ಬೆಲೆ ಬರುವುದು ಅಪರೂಪ. ಕಂತು ಕಷ್ಟವಾಗುವ ಸೂಚನೆ ಕಂಡಾಗಲೇ, ಫೈನಾನ್ಸ್‌ನವರ ಒಪ್ಪಿಗೆ ಪಡೆದು ನೀವೇ ಮಾರಿ ಸಾಲ ತೀರಿಸುವುದು ಜಾಣತನ.

ಕೊನೆಯ ಕಂತು ಕಟ್ಟಿದ ದಿನವೇ ಆರ್‌ಸಿಯಿಂದ ಅವರ ಹೆಸರು ತಾನಾಗಿ ಹೋಗಿಬಿಡುತ್ತದೆ ಎಂದು ಸುಮ್ಮನಿರಬೇಡಿ. ಎನ್‌ಒಸಿ ಮತ್ತು ಅವರ ಸಹಿಯಿರುವ ಫಾರಂ 35 ಪಡೆದು ಆರ್‌ಟಿಒದಲ್ಲಿ ಎಚ್‌ಪಿ ತೆಗೆಸಿ, ಇನ್ಶೂರೆನ್ಸ್ ಪಾಲಿಸಿಯಲ್ಲೂ ತೆಗೆಸಿ. ಸದ್ಯಕ್ಕೆ ಮಾಡಬೇಕಾದ ಕೆಲಸ ಕರಾರಿನ ಪೂರ್ತಿ ಪ್ರತಿಯನ್ನು ಕೇಳಿ ತರಿಸಿಕೊಳ್ಳುವುದು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ವ್ಯವಹರಿಸಬೇಕೆಂದು ಫೈನಾನ್ಸ್ ಕಂಪನಿಗಳಿಗೆ ರಿಸರ್ವ್ ಬ್ಯಾಂಕ್ ಹೇಳಿದೆ. ಆದ್ದರಿಂದ ಕನ್ನಡದ ಪ್ರತಿಯನ್ನೇ ಕೇಳಿ, ಸಂಕೋಚ ಬೇಡ.